ತಪ್ಪಾದ್ರೂ ಮಾತಾಡು ಎಂದವರು

ಕಾಲೇಜಿನ ಪತ್ರಿಕೆಗೆ ಹಳೆಯ ನೆನಪು ಬರೆದುಕೊಡಿ ಎಂದು ಕೇಳಿದಾಗ ಮೊದಲು ಕಣ್ಣ ಮುಂದೆ ಬಂದದ್ದು ನಮ್ಮ ಕನ್ನಡ ಸಂಘದ ಕೋಣೆಯ ಬಾಗಿಲು. ಮೂರು ವರ್ಷ ಅದರ ಮುಂದೆಯೇ ಓಡಾಡಿದೆ, ಒಳಗೆ ಹೋಗಲಿಲ್ಲ. ನಾನು ಓದಿದ್ದೆಲ್ಲ ಇಂಗ್ಲಿಷ್ ಮೀಡಿಯಂ. ಮನೆಯಲ್ಲಿ ಗದಗ ಕಡೆಯ ಮಾತು. ವೇದಿಕೆಯ ಮೇಲೆ ಆಡುವ ಕನ್ನಡ ನನಗೆ ಬರಲ್ಲ, ತಪ್ಪಿದರೆ ನಗುತ್ತಾರೆ ಅಂತ ಭಯ. ನಿಜ ಹೇಳಬೇಕೆಂದರೆ ಯಾರೂ ಯಾವತ್ತೂ ನಕ್ಕಿರಲಿಲ್ಲ. ಆ ಭಯ ಬಿಟ್ಟದ್ದು ಎಲ್ಲಿ ಎಂದು ಹೇಳಬೇಕಾದರೆ ನಾನು ಬೇರೆ ದೇಶದ, ಬೇರೆ ಭಾಷೆಯ ಸಂಘವೊಂದರ ಬಗ್ಗೆ ಬರೆಯಬೇಕು.

2016ರ ಸೆಪ್ಟೆಂಬರ್‌ನಲ್ಲಿ ಎಂ.ಎ. ಓದಲು ಐರ್ಲೆಂಡಿನ ಪಶ್ಚಿಮ ಕರಾವಳಿಯ ಗಾಲ್ವೇ ಊರಿಗೆ ಹೋದೆ. ವಿಶ್ವವಿದ್ಯಾಲಯ ಕಾರಿಬ್ ನದಿಯ ದಂಡೆಯಲ್ಲಿದೆ. 1845ರಲ್ಲಿ ಸ್ಥಾಪನೆಯಾದದ್ದು. ಹಳೆಯ ಕಲ್ಲಿನ ಕಟ್ಟಡದ ಗೋಡೆಗೆ ಬಳ್ಳಿ ಹಬ್ಬಿರುತ್ತದೆ, ಮಳೆ ಯಾವಾಗ ಬೇಕಾದರೂ ಬರುತ್ತದೆ. ಮೊದಲ ವಾರಗಳಲ್ಲೇ ವಿದ್ಯಾರ್ಥಿ ಸಂಘಗಳೆಲ್ಲ ದೊಡ್ಡ ಹಾಲ್‌ನಲ್ಲಿ ಮೇಜು ಹಾಕಿಕೊಂಡು ಹೊಸಬರನ್ನು ಕರೆಯುವ ದಿನ ಬಂತು. ನಾಟಕ, ಚರ್ಚೆ, ಫೋಟೋಗ್ರಫಿ, ಏನುಂಟು ಏನಿಲ್ಲ. ಒಂದು ಮೇಜಿನ ಮೇಲೆ ಟೀ ಕೆಟಲ್ ಇತ್ತು. ನಾನು ನಿಂತದ್ದು ಟೀಗಾಗಿ. ಅದು ‘ಅನ್ ಕುಮನ್ ಗೇಲಖ್’, ಅಂದರೆ ಐರಿಷ್ ಭಾಷೆಯ ಸಂಘ.

ನನಗೆ ಒಂದಕ್ಷರ ಬರಲ್ಲ, ಸೇರಬಹುದಾ ಎಂದು ಕೇಳಿದೆ. ಮೇಜಿನ ಹಿಂದಿದ್ದ ಹುಡುಗಿ ಕಪ್ ಕೈಗಿಟ್ಟು, ‘ಕುಪಾನ್ ತೇ’ ಅಂದಳು. ಒಂದು ಕಪ್ ಟೀ. ನಾನೂ ಹಾಗೆಯೇ ಹೇಳಿದೆ. ಅವಳು ಪಕ್ಕದವನನ್ನು ಕರೆದು ಇನ್ನೊಮ್ಮೆ ಹೇಳಿಸಿದಳು. ಐರಿಷ್‌ನಲ್ಲಿ ಒಂದು ‘ತ’ ಇದೆ, ನಮ್ಮ ‘ತ’ದ ಹಾಗೆ ನಾಲಿಗೆ ಹಲ್ಲಿಗೆ ತಾಗಬೇಕು. ಇಂಗ್ಲಿಷ್ ಆಡುವ ಅವರ ಗೆಳೆಯರಿಗೇ ಅದು ಸುಲಭವಲ್ಲ. ನನಗೆ ಅಜ್ಜಿಯಿಂದ ಬಂದಿತ್ತು.

ಸಂಘ ವಾರಕ್ಕೊಮ್ಮೆ ಸೇರುತ್ತಿತ್ತು. ಅದಕ್ಕೆ ‘ಕಿರ್ಕಲ್ ಕೋರಾ’ ಎನ್ನುತ್ತಾರೆ. ಸುಮ್ನೆ ಸುತ್ತ ಕೂತು ಮಾತಾಡುವುದು. ಪಾಠವಿಲ್ಲ, ಪರೀಕ್ಷೆಯಿಲ್ಲ. ಬಿಸ್ಕತ್ತು, ಟೀ, ಮತ್ತು ಬಂದಷ್ಟು ಐರಿಷ್. ಮೊದಲ ದಿನ ನನಗೆ ಆಶ್ಚರ್ಯವಾದದ್ದು ಏನೆಂದರೆ, ಅಲ್ಲಿದ್ದ ಐರಿಷ್ ಹುಡುಗರಲ್ಲಿ ಅರ್ಧ ಜನ ನನ್ನಷ್ಟೇ ಹೆದರಿದ್ದರು. ಶಾಲೆಯಲ್ಲಿ 13–14 ವರ್ಷ ಐರಿಷ್ ಕಲಿತವರು ಅವರು. ವ್ಯಾಕರಣ ತಪ್ಪುತ್ತದೆ ಅಂತ ಬಾಯಿ ತೆರೆಯುವುದಿಲ್ಲ. ದೇಶದ ಸಂವಿಧಾನದಲ್ಲಿ ಅದೇ ಮೊದಲ ಅಧಿಕೃತ ಭಾಷೆ. 2022ರ ಜನಗಣತಿಯಲ್ಲಿ ನಮಗೆ ಐರಿಷ್ ಬರುತ್ತದೆ ಎಂದವರು 18 ಲಕ್ಷಕ್ಕೂ ಜಾಸ್ತಿ. ಶಾಲೆ ಕಾಲೇಜಿನ ಹೊರಗೆ ದಿನವೂ ಅದನ್ನು ಮಾತಾಡುತ್ತೇವೆ ಎಂದವರು 72 ಸಾವಿರದಷ್ಟು ಮಾತ್ರ. ನಡುವೆ ಇರುವ ಆ ಲಕ್ಷಾಂತರ ಜನರನ್ನು ನಾನು ಆ ಕೋಣೆಯಲ್ಲಿ ಕಂಡೆ. ಅವರೆಲ್ಲ ನಾನೇ ಅನ್ನಿಸಿತು.

ಆ ನಾಚಿಕೆಗೆ ಕಾರಣವೂ ಇದೆ. ಹತ್ತೊಂಬತ್ತನೇ ಶತಮಾನದಲ್ಲಿ ಮಕ್ಕಳ ಕೊರಳಿಗೆ ಒಂದು ಕಡ್ಡಿ ಕಟ್ಟುತ್ತಿದ್ದರಂತೆ. ಮಗು ಐರಿಷ್‌ನಲ್ಲಿ ಮಾತಾಡಿದಾಗಲೆಲ್ಲ ಕಡ್ಡಿಯ ಮೇಲೆ ಒಂದು ಗೀರು. ಸಂಜೆ ಗೀರು ಎಣಿಸಿ ಏಟು. ಎಷ್ಟೋ ಮನೆಗಳಲ್ಲಿ ತಂದೆ ತಾಯಿಯೇ ಇದಕ್ಕೆ ಒಪ್ಪಿದ್ದರು, ಮಕ್ಕಳು ಇಂಗ್ಲಿಷ್ ಕಲಿತು ಬದುಕಲಿ ಅಂತ. 1845ರಲ್ಲಿ ಆಲೂಗಡ್ಡೆಗೆ ರೋಗ ಬಿದ್ದು ಬರಗಾಲ ಶುರುವಾಯಿತು. ಸುಮಾರು ಹತ್ತು ಲಕ್ಷ ಜನ ಸತ್ತರು, ಅಷ್ಟೇ ಜನ ಹಡಗು ಹತ್ತಿದರು. ಹೆಚ್ಚು ಪೆಟ್ಟು ತಿಂದದ್ದು ಐರಿಷ್ ಮಾತಾಡುವ ಈ ಪಶ್ಚಿಮದ ಬಡ ಊರುಗಳೇ. ಇದನ್ನು ಹೇಳುವಾಗ ಸಂಘದ ಹುಡುಗರು ದನಿ ಏರಿಸುತ್ತಿರಲಿಲ್ಲ. ತಮ್ಮ ಮನೆಯ ಕತೆ ಹೇಳುವ ಹಾಗೆ ಹೇಳುತ್ತಿದ್ದರು.

ಆಮೇಲೆ ಭಾಷೆಯೇ ನನ್ನನ್ನು ಹಿಡಿದುಕೊಂಡಿತು. ‘ತಾ ಉಕ್ರಸ್ ಒರಮ್’ ಎಂದರೆ ‘ನನ್ನ ಮೇಲೆ ಹಸಿವು ಇದೆ’. ಇಂಗ್ಲಿಷಿನವನು ತಾನೇ ಹಸಿದವನು. ಐರಿಷ್‌ನವನ ಮೇಲೆ ಹಸಿವು ಬಂದು ಕೂರುತ್ತದೆ. ನಮಗೂ ಹಾಗೇ, ನನಗೆ ಹಸಿವಾಗುತ್ತದೆ, ನನಗೆ ಬೇಜಾರಾಗುತ್ತದೆ. ಪುಸ್ತಕ ಇದೆ ಎನ್ನಲು ‘ತಾ ಲ್ಯೌರ್ ಅಗಮ್’, ನನ್ನ ಹತ್ತಿರ ಪುಸ್ತಕ ಇದೆ. ಹೌದು, ಅಲ್ಲ ಎನ್ನಲು ಬೇರೆ ಪದಗಳೇ ಇಲ್ಲ. ಕೇಳಿದ ಕ್ರಿಯಾಪದವನ್ನೇ ತಿರುಗಿ ಹೇಳಬೇಕು. ಬೇರೆಯವರು ಇದಕ್ಕೆ ತಲೆ ಕೆಡಿಸಿಕೊಳ್ಳುತ್ತಿದ್ದರು. ‘ಊಟ ಆಯ್ತಾ?’ ಅಂದರೆ ‘ಆಯ್ತು’ ಎನ್ನುವ ನನಗೆ ಇದರಲ್ಲಿ ಕಷ್ಟವೇನು? ಇಂಗ್ಲಿಷ್ ದಾರಿಯಿಂದ ಹೋಗದೆ ನೇರವಾಗಿ ಕನ್ನಡದಿಂದ ಐರಿಷ್‌ಗೆ ದಾಟುತ್ತಿದ್ದೆ. ಅವತ್ತು ಮೊದಲ ಸಲ ನನ್ನ ಕನ್ನಡ ನನಗೆ ಆಸ್ತಿ ಅನ್ನಿಸಿತು.

ಅಕ್ಟೋಬರ್ 31 ಅವರಿಗೆ ‘ಸೌವಿನ್’ ಹಬ್ಬದ ರಾತ್ರಿ. ಬೇಸಿಗೆ ಮುಗಿದು ಚಳಿಗಾಲ ಕಾಲಿಡುವ ಹೊತ್ತು, ಸತ್ತವರು ಮನೆಗೆ ಬರುತ್ತಾರೆ ಎಂಬ ನಂಬಿಕೆ. ಒಣದ್ರಾಕ್ಷಿ ಹಾಕಿದ ಸಿಹಿ ಬ್ರೆಡ್ಡಿನೊಳಗೆ ಉಂಗುರ ಬಚ್ಚಿಟ್ಟಿರುತ್ತಾರೆ. ಸಿಕ್ಕವರಿಗೆ ಮದುವೆ ಯೋಗ! ಮರುದಿನ ನಮ್ಮ ರಾಜ್ಯೋತ್ಸವ ಎಂದೆ. ಎಲ್ಲರೂ ಕಾಗದ ಹಿಡಿದು ಬಂದರು, ತಮ್ಮ ಹೆಸರನ್ನು ಕನ್ನಡದಲ್ಲಿ ಬರೆದುಕೊಡು ಅಂತ.

ಅದೇ ರಾತ್ರಿಯ ಇನ್ನೊಂದು ನೆನಪಿದೆ. ಗಾಲ್ವೇಯಲ್ಲಿ ಕರ್ನಾಟಕದವಳು ಎಂದರೆ ಕೆಲವರು ಒಂದು ಕ್ಷಣ ಸುಮ್ಮನಾಗುತ್ತಿದ್ದರು. ಬೆಳಗಾವಿಯ ದಂತವೈದ್ಯೆ ಸವಿತಾ ಹಾಲಪ್ಪನವರ್ 2012ರ ಅಕ್ಟೋಬರ್ 28ರಂದು ತೀರಿಕೊಂಡದ್ದು ಇದೇ ಊರಿನಲ್ಲಿ, ಗರ್ಭಸ್ರಾವದ ವೇಳೆ ಕೇಳಿದ ಗರ್ಭಪಾತವನ್ನು ಆಸ್ಪತ್ರೆ ನಿರಾಕರಿಸಿದ ಮೇಲೆ. ಗರ್ಭಪಾತ ನಿಷೇಧಿಸುವ ಅಲ್ಲಿನ ಕಾನೂನು ನಾನು ಇದ್ದಾಗ ಇನ್ನೂ ಹಾಗೇ ಇತ್ತು. 2018ರ ಮೇ ತಿಂಗಳಲ್ಲಿ ಜನ ಮತ ಹಾಕಿ ಅದನ್ನು ಬದಲಿಸಿದರು. ಆ ಹಬ್ಬದ ರಾತ್ರಿ ಸಂಘದ ಹುಡುಗಿಯೊಬ್ಬಳು ಕಿಟಕಿಯಲ್ಲಿ ಮೇಣದ ಬತ್ತಿ ಹಚ್ಚಿ ನನ್ನ ಹತ್ತಿರ ಬಂದಳು. ಸವಿತಾ ಅವರ ಹೆಸರನ್ನು ನಾವು ತಪ್ಪಾಗಿ ಹೇಳುತ್ತಿದ್ದೇವಾ ಎಂದು ಕೇಳಿದಳು. ‘ಹಾಲಪ್ಪನವರ್’ ಎಂದು ಬಿಡಿಸಿ ಹೇಳಿದೆ. ಸರಿಯಾಗುವ ತನಕ ಬಿಡದೆ ಹೇಳಿಕೊಂಡಳು. ಪರದೇಶದಲ್ಲಿ ನಾನು ಅತ್ತದ್ದು ಅವತ್ತು.

ಫೆಬ್ರವರಿಯಲ್ಲಿ ಸಂಘ ನಮ್ಮನ್ನು ಎರಡು ದಿನ ಕಾನಮಾರಾ ಕಡೆಗೆ ಕರೆದುಕೊಂಡು ಹೋಯಿತು. ಐರಿಷ್ ಇನ್ನೂ ಮನೆಮಾತಾಗಿರುವ ಊರುಗಳು ಅಲ್ಲಿವೆ. ಎಲ್ಲಿ ನೋಡಿದರೂ ಕಲ್ಲು, ಕಲ್ಲಿನ ಬೇಲಿ, ಆಚೆ ಸಮುದ್ರ. ಉಳಿದುಕೊಂಡ ಮನೆಯ ಯಜಮಾನಿ ನಮ್ಮ ಜೊತೆ ಐರಿಷ್ ಬಿಟ್ಟು ಬೇರೆ ಮಾತಾಡಲಿಲ್ಲ. ನನಗೆ ತಟ್ಟೆ ಬಡಿಸುವಾಗೆಲ್ಲ ‘ಅ ಸ್ಟೋರ್’ ಅನ್ನುತ್ತಿದ್ದರು. ನನ್ನ ನಿಧಿ ಎಂದು ಅರ್ಥವಂತೆ. ನಮ್ಮಜ್ಜಿ ‘ನನ್ನ ಬಂಗಾರ’ ಎನ್ನುವುದೂ ತಟ್ಟೆ ಮುಂದಿಟ್ಟಾಗಲೇ ಅಲ್ವಾ?

ರಾತ್ರಿ ‘ಕೇಲಿ’ ಇತ್ತು, ಅಂದರೆ ಹಾಡು ಕುಣಿತದ ಕೂಟ. ಪಿಟೀಲು, ಕೊಳಲು, ಆಡಿನ ಚರ್ಮದ ಬೋರಾನ್ ಎಂಬ ತಮಟೆ. ಜೋಡಿಗಳು ಎದುರು ಬದುರು ನಿಂತು ಕುಣಿದು, ದಾಟಿ, ಮುಂದಿನ ಜೋಡಿಗೆ ಎದುರಾಗುತ್ತಾರೆ. ಕೋಲಾಟ ಗೊತ್ತಿದ್ದವರಿಗೆ ಐದು ನಿಮಿಷದ ಕಲಿಕೆ. ಕೊನೆಗೆ ವಾದ್ಯಗಳೆಲ್ಲ ನಿಂತವು. ಊರಿನ ಹಿರಿಯರೊಬ್ಬರು ಕಣ್ಣು ಮುಚ್ಚಿ ಹಾಡಿದರು. ಶಾನ್ ನೋಸ್, ಅಂದರೆ ಹಳೆಯ ಧಾಟಿ. ಶ್ರುತಿ ಇಲ್ಲ, ತಾಳ ಇಲ್ಲ, ಒಂಟಿ ದನಿ. ಪಕ್ಕದಲ್ಲಿದ್ದವರು ಅವರ ಕೈ ಹಿಡಿದು ಮೆಲ್ಲಗೆ ತಿರುಗಿಸುತ್ತಿದ್ದರು, ಬೀಸುಕಲ್ಲಿನ ಗೂಟ ಹಿಡಿದು ತಿರುಗಿಸಿದ ಹಾಗೆ.

ನಂತರ ನನ್ನ ಸರದಿ ಅಂದರು. ಬೇರೇನೂ ತೋಚದೆ ಅಜ್ಜಿಯ ಬೀಸುಕಲ್ಲಿನ ಪದ ಶುರು ಮಾಡಿದೆ. ಎರಡನೇ ನುಡಿಯಲ್ಲಿ ಸಾಲು ಮರೆತುಹೋಯಿತು. ನಿಂತುಬಿಟ್ಟೆ. ಆ ಹಿರಿಯರು ನನ್ನ ಕೈ ಹಿಡಿದು ತಿರುಗಿಸಲು ಶುರು ಮಾಡಿದರು. ಕೋಣೆಯಲ್ಲಿದ್ದವರೆಲ್ಲ ‘ಮಾ ಹೂ! ಮಾ ಹೂ!’ ಎಂದರು. ಶಭಾಷ್ ಅಂದ ಹಾಗೆ. ಅದನ್ನು ಹಾಡು ಮುಗಿದ ಮೇಲಲ್ಲ, ನಡುವೆ, ಹಾಡುವವರಿಗೆ ಬಲ ಬೇಕಾದಾಗ ಹೇಳುತ್ತಾರೆ. ಸಾಲು ನೆನಪಾಯಿತು.

ಮಾರ್ಚ್ 1ರಿಂದ 17ರವರೆಗೆ ಐರಿಷ್ ಭಾಷೆಯ ಹಬ್ಬ. ಅದರ ಹೆಸರಿನಲ್ಲಿ ‘ವಾರ’ ಎಂದಿದೆ, ನಡೆಯುವುದು ಹದಿನೇಳು ದಿನ. ಆಗ ಸಂಘದವರು ನನ್ನ ಕೋಟಿಗೆ ಒಂದು ಸಣ್ಣ ಉಂಗುರದಾಕಾರದ ಪಿನ್ ಚುಚ್ಚಿದರು. ‘ಫಾನ್ಯೆ’ ಎನ್ನುತ್ತಾರೆ. ಚೆನ್ನಾಗಿ ಬರುವವರಿಗೆ ಚಿನ್ನದ ಬಣ್ಣದ್ದು, ಕಲಿಯುವವರಿಗೆ ಬೆಳ್ಳಿಯದು. ಈ ಪಿನ್ ಹಾಕಿಕೊಂಡವರ ಜೊತೆ ಐರಿಷ್‌ನಲ್ಲಿ ಮಾತಾಡಬಹುದು ಎಂಬ ಗುರುತು ಅದು. ಸಂಘದ ಗೋಡೆಯ ಮೇಲೆ ಒಂದು ಗಾದೆ ಅಂಟಿಸಿದ್ದರು: ‘ಇಸ್ ಫ್ಯಾರ್ ಗೇಲ್ಗ ವ್ರಿಷ್ಟ ನಾ ಬೇರ್ಲ ಕ್ಲಿಷ್ಟ.’ ಜಾಣ ಇಂಗ್ಲಿಷಿಗಿಂತ ಮುರುಕು ಐರಿಷ್ ಮೇಲು. ಅವರ ‘ಕ್ಲಿಷ್ಟ’ಕ್ಕೆ ಜಾಣ ಎಂದು ಅರ್ಥ. ನಮ್ಮಲ್ಲಿ ಅದೇ ದನಿಗೆ ಏನರ್ಥ ಎಂದು ಹೇಳಿದಾಗ ಎಲ್ಲರಿಗೂ ಖುಷಿಯೋ ಖುಷಿ.

ಆ ಬೆಳ್ಳಿ ಬಣ್ಣದ ಪಿನ್ ಈಗಲೂ ನನ್ನ ಕೈಚೀಲದಲ್ಲಿದೆ. ಕಳೆದ ರಾಜ್ಯೋತ್ಸವಕ್ಕೆ ಕಾಲೇಜಿಗೆ ಬಂದಾಗ ಕೊನೆಗೂ ಕನ್ನಡ ಸಂಘದ ಆ ಬಾಗಿಲು ದಾಟಿದೆ. ಈಶಾನ್ಯ ರಾಜ್ಯದಿಂದ ಓದಲು ಬಂದ ಹುಡುಗಿಯೊಬ್ಬಳು ಚೀಟಿ ಹಿಡಿದು ಕನ್ನಡದಲ್ಲಿ ನಾಲ್ಕು ಮಾತಾಡಲು ನಿಂತಿದ್ದಳು. ‘ಎಲ್ಲರಿಗೂ ನಮಸ್ಕಾರ’ದ ನಂತರ ‘ಹಾರ್ದಿಕ’ ಎಂಬಲ್ಲಿ ನಾಲಿಗೆ ತೊಡರಿತು. ಚೀಟಿ ನಡುಗುತ್ತಿತ್ತು. ಹಿಂದಿನ ಸಾಲಿನಲ್ಲಿ ಕೂತಿದ್ದ ನಾನು ಗೊತ್ತಿಲ್ಲದೆಯೇ ಜೋರಾಗಿ ‘ಮಾ ಹೂ!’ ಅಂದೆ.

ಯಾರಿಗೂ ಅರ್ಥವಾಗಲಿಲ್ಲ. ಅವಳು ಮಾತ್ರ ತಲೆ ಎತ್ತಿ ನೋಡಿ, ಉಸಿರು ಎಳೆದುಕೊಂಡು, ಮೊದಲಿಂದ ಶುರು ಮಾಡಿದಳು.