ಬಿಸಿಲು ಬರೋಕೆ ಮುಂಚೆಯೇ ಬೇರಿಗೆ ವ್ಯಾಮ್

ನಮ್ಮ ಕುಷ್ಟಗಿ ಕಡೆ ಏಪ್ರಿಲ್ ಮಧ್ಯಾಹ್ನ 40 ಡಿಗ್ರಿ ದಾಟುತ್ತದೆ. ಆಗ ನನ್ನ ನರ್ಸರಿಗೆ ಬರುವ ರೈತರದ್ದು ಒಂದೇ ಪ್ರಶ್ನೆ. “ಅಕ್ಕಾರ, ಟೊಮೆಟೊ ಬಾಡಾಕತ್ತೈತಿ. ವ್ಯಾಮ್ ಪುಡಿ ಈಗ ಹಾಕಿದ್ರ ನಡೀತೈತೇನ್ರಿ?”

ಈಗ ಹಾಕಿ ಪ್ರಯೋಜನ ಕಡಿಮೆ. ವ್ಯಾಮ್ ಅಂದರೆ ಗಿಡದ ಬೇರಿನ ಜೊತೆ ಬಾಳುವ ಶಿಲೀಂಧ್ರ. ಅದು ಬೇರಿನೊಳಗೆ ನೆಲೆಯೂರಲು ಕೆಲವು ವಾರ ಬೇಕು. ನೆಲೆಯೂರಿದ ಮೇಲೆ ಅಲ್ಲಿಂದ ಮಣ್ಣಿಗೆ ಎಳೆ ಬಿಡುತ್ತದೆ. ಆ ಎಳೆ ಬೇರಿನ ರೋಮಕ್ಕಿಂತ ತೆಳು. ಬೇರು ನುಗ್ಗಲಾಗದ ಸಂದಿಗೂ ಹೋಗಿ ನೀರು, ರಂಜಕ ತರುತ್ತದೆ. ಬದಲಿಗೆ ಗಿಡ ಅದಕ್ಕೆ ಸಕ್ಕರೆ, ಕೊಬ್ಬು ಕೊಡುತ್ತದೆ.

ಗಿಡ ತಂಪಾಗಿರುವುದು ಎಲೆಯಿಂದ ನೀರು ಆವಿಯಾಗಿ ಹೋಗುವುದರಿಂದ, ನಾವು ಬೆವರುವ ಹಾಗೆ. ನೀರು ಸಾಲದಿದ್ದರೆ ಎಲೆ ತನ್ನ ಸಣ್ಣ ರಂಧ್ರಗಳನ್ನು ಮುಚ್ಚಿಕೊಳ್ಳುತ್ತದೆ. ಆಗ ಎಲೆ ಬಿಸಿಯಾಗುತ್ತದೆ, ಸಕ್ಕರೆಯೂ ಕಡಿಮೆ ತಯಾರಾಗುತ್ತದೆ, ಜೀವಕೋಶಕ್ಕೆ ಹಾನಿ ಮಾಡುವ ವಸ್ತುಗಳು ಹೆಚ್ಚುತ್ತವೆ. ವ್ಯಾಮ್ ಇರುವ ಗಿಡಗಳಲ್ಲಿ ರಂಧ್ರಗಳು ಜಾಸ್ತಿ ಹೊತ್ತು ತೆರೆದಿರುವುದನ್ನೂ, ಆ ವಸ್ತುಗಳನ್ನು ತಗ್ಗಿಸುವ ಕಿಣ್ವಗಳು ಹೆಚ್ಚಿರುವುದನ್ನೂ ಎಷ್ಟೋ ಪ್ರಯೋಗಗಳು ತೋರಿಸಿವೆ.

ಶಿಲೀಂಧ್ರದ ನೆರವಿಗೆ ಇನ್ನೊಂದು ಉದಾಹರಣೆ ನೋಡಿ. ಅಮೆರಿಕದ ಯೆಲ್ಲೋಸ್ಟೋನ್‌ನಲ್ಲಿ ಭೂಮಿಯ ಶಾಖದಿಂದ ಸದಾ ಕಾದಿರುವ ನೆಲವಿದೆ. ಅಲ್ಲೊಂದು ಹುಲ್ಲು ಬೆಳೆಯುತ್ತದೆ. ಅದರೊಳಗೆ ಇರುವುದು ಕರ್ವುಲೇರಿಯಾ ಅನ್ನುವ ಬೇರೆ ಜಾತಿಯ ಶಿಲೀಂಧ್ರ. ಹುಲ್ಲನ್ನೂ ಶಿಲೀಂಧ್ರವನ್ನೂ ಬೇರೆ ಮಾಡಿದರೆ ಎರಡೂ 38 ಡಿಗ್ರಿ ಮೇಲೆ ಬೆಳೆಯಲಾರವು. ಜೊತೆಗಿದ್ದರೆ 65 ಡಿಗ್ರಿ ಮಣ್ಣನ್ನೂ ತಾಳುತ್ತವೆ! ಇದು 2002ರಲ್ಲಿ ಗೊತ್ತಾಯಿತು. ಆ ಶಿಲೀಂಧ್ರದೊಳಗೆ ಒಂದು ವೈರಸ್ ಇದ್ದರೆ ಮಾತ್ರ ಈ ಶಕ್ತಿ ಬರುತ್ತದೆ ಅನ್ನುವುದು 2007ರಲ್ಲಿ ತಿಳಿಯಿತು. ಇದನ್ನು ಓದಿದ ರಾತ್ರಿ ನನಗೆ ನಿದ್ದೆ ಹತ್ತಲಿಲ್ಲ.

ವ್ಯಾಮ್‌ನಿಂದ ಅಂಥ ಪವಾಡ ನಿರೀಕ್ಷಿಸಬೇಡಿ. ಬಿಸಿಲು ಮಿತಿ ಮೀರಿದರೆ ಟೊಮೆಟೊ ಹೂ ಉದುರೇ ಉದುರುತ್ತದೆ. ಆದರೆ ಸಸಿ ಬೇರೂರುವ ಆ ಮೊದಲ ದಿನಗಳಲ್ಲಿ ಇದರ ಸಹಾಯ ದೊಡ್ಡದು ಅಂತ ನಾನು ನಂಬುತ್ತೇನೆ.

ಹೊಲದ ಮಣ್ಣಲ್ಲಿ ಈ ಶಿಲೀಂಧ್ರ ಸಹಜವಾಗಿಯೇ ಇರುತ್ತದೆ. ಸಸಿ ಬೆಳೆಸುವ ಗುಳಿಗಳ ತಟ್ಟೆಗೆ, ಅಂದರೆ ಪ್ರೋಟ್ರೇಗೆ ತುಂಬುವ ಕೋಕೋಪೀಟ್‌ನಲ್ಲಿ (ತೆಂಗಿನ ನಾರಿನ ಪುಡಿ) ಇರುವುದಿಲ್ಲ. ಹಾಗಾಗಿ ನರ್ಸರಿ ಸಸಿ ಬರಿಗೈಲಿ ಹೊಲಕ್ಕೆ ಹೋಗುತ್ತದೆ. ಅದಕ್ಕೇ ಬೀಜ ಊರುವಾಗಲೇ ಕೋಕೋಪೀಟ್‌ಗೆ ವ್ಯಾಮ್ ಬೆರೆಸುತ್ತೇನೆ. ನಾಟಿ ಆದ ಮೇಲೆ ರಂಜಕ ಇರುವ ಡಿಎಪಿ ಗೊಬ್ಬರವನ್ನು ಮೂಟೆಗಟ್ಟಲೆ ಸುರಿಯಬೇಡಿ. ರಂಜಕ ಸುಲಭಕ್ಕೆ ಸಿಕ್ಕರೆ ಗಿಡ ಶಿಲೀಂಧ್ರವನ್ನು ಹತ್ತಿರ ಬಿಟ್ಟುಕೊಳ್ಳುವುದೇ ಕಡಿಮೆ. ಸಾಲಿನ ಮಧ್ಯೆ ರವದಿಯೋ (ಕಬ್ಬಿನ ಒಣ ಗರಿ) ಹುಲ್ಲೋ ಹೊದಿಸಿ. ಬರಿ ನೆಲ ಗಾಳಿಗಿಂತ ಜಾಸ್ತಿ ಕಾಯುತ್ತದೆ.

ಕೋಸು, ಹೂಕೋಸು ಹಚ್ಚುವವರು ಈ ಪುಡಿಗೆ ದುಡ್ಡು ಹಾಕಬೇಡಿ. ಸಾಸಿವೆ ಕುಟುಂಬದ ಬೇರು ಇದನ್ನು ಸೇರಿಸಿಕೊಳ್ಳುವುದಿಲ್ಲ. ಟೊಮೆಟೊ, ಬದನೆ, ಮೆಣಸಿನಕಾಯಿ ಸಸಿ ಬೇಕಾದವರು ಬೀಜ ಊರುವ ಮುಂಚೆಯೇ ಹೇಳಿ, ಬೆರೆಸಿ ಕೊಡುತ್ತೇನೆ.