ಮಾರ್ಚಿನ ತೋಡು, ಒಂದು ಎಕರೆ ಮೈದಾನ

ಕೈಯಲ್ಲಿದ್ದ ನಮೂನೆ ಕಡಲತಡಿಯ ಊರುಗಳದು. ಬಯಲು ಜಾಗ, ಆಟದ ಮೈದಾನ, ಕುಡಿಯುವ ನೀರು ಮೂರನ್ನೂ ಊರವರೇ ಒಟ್ಟಿಗೆ ಕೂತು ಯೋಚಿಸಲಿ ಎಂದು ಕರಾವಳಿ ಪಟ್ಟಣಗಳಿಗಾಗಿ ಮಾಡಿದ ನಾಲ್ಕು ಪುಟ. ಉಬ್ಬರದ ಗೆರೆ ಎಷ್ಟು ದೂರ, ಬಾವಿ ನೀರಿನಲ್ಲಿ ಕ್ಲೋರೈಡ್ ಎಷ್ಟು ಎಂದೆಲ್ಲ ಕೇಳುತ್ತದೆ. ಅಲ್ಲಿಗೆ ಅದು ಬೇಕೇ ಬೇಕು. ಸಮುದ್ರದ ಪಕ್ಕದ ನೆಲದಲ್ಲಿ ಸಿಹಿನೀರಿನ ಮಟ್ಟ ಒಂದು ಅಡಿ ಇಳಿದರೆ ಅಡಿಯ ಉಪ್ಪುನೀರು ಸುಮಾರು 40 ಅಡಿ ಮೇಲೇರುತ್ತದೆ ಎನ್ನುವುದು ಲೆಕ್ಕ. ದಕ್ಷಿಣ ಕೊಡಗಿನ ಈ ಸಣ್ಣ ಪೇಟೆಯಲ್ಲಿ ಆ ಎರಡು ಕಲಂ ಹೊಡೆದುಹಾಕಿ, ‘ಹೂಮಳೆ ಪಂಪು’ (ಕಾಫಿ ಹೂ ಅರಳಿಸಲು ತೋಟಕ್ಕೆ ನೀರೆತ್ತುವುದು), ‘ಪಲ್ಪರ್ ನೀರು’ (ಕಾಫಿ ಹಣ್ಣಿನ ಸಿಪ್ಪೆ ಸುಲಿಯುವ ಯಂತ್ರದಿಂದ ಬರುವ ಕೊಳೆನೀರು) ಎಂದು ಪೆನ್ನಿನಲ್ಲಿ ಬರೆದದ್ದೇ ಆ ಭಾನುವಾರದ ಮೊದಲ ಕೆಲಸ. ಮಿಕ್ಕಿದ್ದು ಹೆಚ್ಚುಕಡಿಮೆ ಹಾಗೇ ಹೊಂದಿತು. ಇಲ್ಲಿ ಬಿದ್ದ ನೀರೂ ಕಡಲಿಗೇ ಹೋಗುವುದಲ್ಲವೇ. ಬ್ರಹ್ಮಗಿರಿಯ ಪಶ್ಚಿಮ ಮಗ್ಗುಲಿನದು ಬಾರಾಪೊಳೆ ಹಿಡಿದು ಕಣ್ಣೂರಿನ ಕಡೆ ಅರಬ್ಬಿ ಸಮುದ್ರಕ್ಕೆ, ಪೂರ್ವದ್ದು ಲಕ್ಷ್ಮಣತೀರ್ಥವಾಗಿ ಕಾವೇರಿ ಸೇರಿ ಬಂಗಾಳ ಕೊಲ್ಲಿಗೆ.

ಪೇಟೆಯ ನೀರು, ಬಯಲು ಅಳೆದು ನಮೂನೆ ತುಂಬುವ ಈ ನಡಿಗೆಯನ್ನು ಬೇಕೆಂದೇ ಮಾರ್ಚ್ ಮೊದಲ ವಾರಕ್ಕೆ ಇಟ್ಟದ್ದು. ಜುಲೈನಲ್ಲಿ ಕೊಡಗಿನ ಯಾವ ತೋಡನ್ನು (ಸಣ್ಣ ಹಳ್ಳವನ್ನು) ನೋಡಿದರೂ ನೀರಿನ ಚಿಂತೆ ಬೇಡ ಅನ್ನಿಸುತ್ತದೆ. ಆಗ ಅಳೆದು ಬರೆದ ಯೋಜನೆ ಬೇಸಿಗೆಯಲ್ಲಿ ಕೆಲಸಕ್ಕೆ ಬರುವುದಿಲ್ಲ.

ಎಂಟು ಗಂಟೆಗೆ ಪೇಟೆಯ ಜಾಕ್‌ವೆಲ್ (ತೋಡಿನ ನೀರು ಒಳಬಂದು ಪಂಪಿಗೆ ಸಿಗುವ ಬಾವಿ) ಹತ್ತಿರ ಆರು ಜನ. ಸಾಮಾನು ಇಷ್ಟೇ: 30 ಮೀಟರ್ ಟೇಪು, ಸ್ಕೇಲ್ ಅಂಟಿಸಿದ ಕೋಲು, ಮೊಬೈಲಿನ ಸ್ಟಾಪ್‌ವಾಚ್, ಗ್ರಾಮ ನಕ್ಷೆಯ ಪ್ರತಿ, ಒಂದು ಚೀಲ ಕಿತ್ತಳೆ. ಕಿತ್ತಳೆ ತಿನ್ನುವುದಕ್ಕಲ್ಲ. ಒಣ ಎಲೆ, ಥರ್ಮಕೋಲ್ ಚೂರು ಬಿಟ್ಟರೆ ಗಾಳಿಗೆ ಓಡುತ್ತದೆ; ಕಿತ್ತಳೆ ಮುಕ್ಕಾಲು ಮುಳುಗಿ ನೀರಿನ ವೇಗದಲ್ಲೇ ಹೋಗುತ್ತದೆ. ತೋಡು ನೇರವಾಗಿ ಹರಿಯುವ 5 ಮೀಟರ್ ಆರಿಸಿ, ಎರಡು ತುದಿಗೆ ಹಗ್ಗ ಕಟ್ಟಿ, ಮೇಲಿನ ಹಗ್ಗಕ್ಕಿಂತ ಸ್ವಲ್ಪ ಹಿಂದೆ ಹಣ್ಣು ಬಿಡಬೇಕು. ಐದು ಸಲ ಬಿಟ್ಟು ಸರಾಸರಿ ತೆಗೆಯಬೇಕು. ಬಂದದ್ದು 25 ಸೆಕೆಂಡ್. ಅಗಲ 1.2 ಮೀಟರ್, ಸರಾಸರಿ ಆಳ 12 ಸೆಂಟಿಮೀಟರ್. ಮೇಲ್ಮೈ ವೇಗವನ್ನು 0.8ರಿಂದ ಗುಣಿಸಬೇಕು, ಏಕೆಂದರೆ ತಳದ ಕಲ್ಲಿಗೆ ಉಜ್ಜುವ ನೀರು ನಿಧಾನ. ಲೆಕ್ಕ ಮಾಡಿದರೆ ಸೆಕೆಂಡಿಗೆ ಸುಮಾರು 23 ಲೀಟರ್.

ಪೇಟೆಗೆ ಬೇಕಾದದ್ದೆಷ್ಟು? 4,000 ಜನ, ತಲೆಗೆ ದಿನಕ್ಕೆ 55 ಲೀಟರ್ (ಜಲ ಜೀವನ್ ಮಿಷನ್ ಇಟ್ಟುಕೊಂಡ ಅಳತೆ) ಎಂದರೆ 2.2 ಲಕ್ಷ ಲೀಟರ್. ಸೆಕೆಂಡಿಗೆ ಎರಡೂವರೆ ಲೀಟರ್ ಚಿಲ್ಲರೆ. ತೋಡಿನಲ್ಲಿ ಅದರ ಒಂಬತ್ತು ಪಟ್ಟು ಹರಿಯುತ್ತಿದೆ. ಹಾಗಿದ್ದರೆ ಮಾರ್ಚಿನಲ್ಲಿ ನಲ್ಲಿ ಯಾಕೆ ಬರುವುದಿಲ್ಲ?

ತೋಡಿನ ದಡದಲ್ಲಿ ಪಾತ್ರೆ ತೊಳೆಯುತ್ತಿದ್ದ ಹೆಂಗಸೊಬ್ಬರು ನಮ್ಮ ಕಿತ್ತಳೆ ಆಟ ನೋಡಿ ನಕ್ಕರು. “ಈಗ ಏನು ಅಳೀತೀರಿ ಅಣ್ಣಾ, ಹನ್ನೊಂದು ಗಂಟೆಗೆ ಬನ್ನಿ. ತ್ರೀ ಫೇಸ್ ಬಂದ ಮೇಲೆ ನೋಡಿ.”

ಹನ್ನೊಂದಕ್ಕೆ ಅದೇ ಜಾಗದಲ್ಲಿ ಅಗಲ 95 ಸೆಂಟಿಮೀಟರ್, ಆಳ 7, ಹಣ್ಣು ತಲುಪಲು 30 ಸೆಕೆಂಡ್. ಸೆಕೆಂಡಿಗೆ 9 ಲೀಟರ್. ಮೇಲಿನ ಎರಡು ತೋಟಗಳಲ್ಲಿ ಸ್ಪ್ರಿಂಕ್ಲರ್ ತಿರುಗುತ್ತಿತ್ತು. ರೊಬಸ್ಟಾ ಕಾಫಿಗೆ ಫೆಬ್ರವರಿ–ಮಾರ್ಚಿನಲ್ಲಿ ಹೂಮಳೆ ಬೀಳದಿದ್ದರೆ ಮೊಗ್ಗು ಅರಳುವುದಿಲ್ಲ, ವರ್ಷದ ಫಸಲೇ ಹೋಗುತ್ತದೆ. ಮಳೆ ಕೈಕೊಟ್ಟರೆ ಪಂಪೇ ಗತಿ. ಒಂದು ಎಕರೆಗೆ ಒಂದು ಇಂಚು ನೀರು ಎಂದರೆ 1.03 ಲಕ್ಷ ಲೀಟರ್. ಸೆಕೆಂಡಿಗೆ 7 ಲೀಟರ್ ಎತ್ತುವ ಪಂಪಿಗೆ ನಾಲ್ಕು ಗಂಟೆಯ ಕೆಲಸ. ಎರಡು ಎಕರೆಯ ಹೂಮಳೆ ಹೆಚ್ಚುಕಡಿಮೆ ಇಡೀ ಪೇಟೆಯ ಒಂದು ದಿನದ ನೀರು. ತೋಟದವರನ್ನು ಬೈದು ಪ್ರಯೋಜನವಿಲ್ಲ. ಪೇಟೆಯ ಅಂಗಡಿಗಳೂ ಅದೇ ಕಾಫಿಯ ದುಡ್ಡಿನಲ್ಲಿ ನಡೆಯುವುದು.

ಆದರೂ 9 ಲೀಟರ್ ಸಾಲಬೇಕಿತ್ತು. ಸಾಲದ್ದಕ್ಕೆ ಕಾರಣ ಜಾಕ್‌ವೆಲ್ ಒಳಗೆ ಬಗ್ಗಿ ನೋಡಿದಾಗ ಸಿಕ್ಕಿತು. ತೋಡಿನ ಮಟ್ಟ ಐದು ಸೆಂಟಿಮೀಟರ್ ಇಳಿದು ಒಳಹರಿವಿನ ತೂತು ಅರ್ಧ ಬಯಲಾಗಿತ್ತು. ಪಂಪು ಎಳೆಯುವಷ್ಟು ವೇಗಕ್ಕೆ ನೀರು ಒಳಗೆ ಬರುತ್ತಿಲ್ಲ, ಬಾವಿ ತಗ್ಗುತ್ತದೆ, ಹೀರುಕೊಳವೆಯ ತುದಿಯ ಫುಟ್‌ವಾಲ್ವ್ ಗಾಳಿ ಹೀರುತ್ತದೆ, ಪಂಪು ಬರಿದೇ ತಿರುಗುತ್ತದೆ. ಮತ್ತೆ ನೀರು ಹುಯ್ದು ಪ್ರೈಮ್ ಮಾಡುವಷ್ಟರಲ್ಲಿ ಕರೆಂಟು ಹೋಗಿರುತ್ತದೆ. ನೀರು ಇದೆ, ಮಟ್ಟ ಇಲ್ಲ. ಹೊಸ ಬೋರ್‌ವೆಲ್ ಕೊರೆಯಬೇಕೆಂದು ಎರಡು ವರ್ಷದಿಂದ ಬರೆಯುತ್ತಿದ್ದ ಅರ್ಜಿಗಳೆಲ್ಲ ಈ ಐದು ಸೆಂಟಿಮೀಟರಿನ ಮೇಲೆ ನಿಂತಿದ್ದವು.

ಇದಕ್ಕೆ ಮದ್ದು ಕರಾವಳಿಯವರಿಗೆ ಗೊತ್ತಿರುವ ಕಟ್ಟ, ಅಂದರೆ ಬೇಸಿಗೆಗಷ್ಟೇ ತೋಡಿಗೆ ಅಡ್ಡ ಹಾಕುವ ಒಡ್ಡು. ಜಾಕ್‌ವೆಲ್‌ಗಿಂತ ಹತ್ತು ಮೀಟರ್ ಕೆಳಗೆ, ದಡದಿಂದ ದಡಕ್ಕೆ 4 ಮೀಟರ್, 60 ಸೆಂಟಿಮೀಟರ್ ಎತ್ತರ, ಸುಮಾರು 80 ಗೊಬ್ಬರದ ಚೀಲ. ಚೀಲಕ್ಕೆ ಮಣ್ಣು ಮುಕ್ಕಾಲು ಭಾಗ ಮಾತ್ರ. ಬಿಗಿಯಾಗಿ ತುಂಬಿದ ಚೀಲ ಕಲ್ಲಿನಂತೆ ಕೂರುತ್ತದೆ, ಸಂದಿಯಲ್ಲಿ ನೀರು ಸೋರುತ್ತದೆ; ಸಡಿಲ ಚೀಲ ಒಂದರ ಮೇಲೊಂದು ಅಮರಿಕೊಳ್ಳುತ್ತದೆ. ಇಟ್ಟಿಗೆಯಂತೆ ಸಂದಿ ತಪ್ಪಿಸಿ ಜೋಡಿಸಬೇಕು, ಬುಡ ಮೂರು ಸಾಲು, ತಲೆ ಎರಡು. ನೀರು ಬರುವ ಬದಿಗೆ ಟಾರ್ಪಾಲು. ಅದರ ಕೆಳ ಅಂಚನ್ನು ಒಂದು ಅಡಿ ಚರಂಡಿ ತೋಡಿ ಹೂಳದಿದ್ದರೆ ಮಾಡಿದ್ದೆಲ್ಲ ದಂಡ, ನೀರು ಅಡಿಯಿಂದಲೇ ನುಸುಳುತ್ತದೆ. ಮಧ್ಯೆ ಹಲಗೆ ಇಟ್ಟು ಕೆಳಗಿನವರಿಗೆ ಹರಿವು ಬಿಡಬೇಕು. ಜೂನ್‌ಗೆ ಮುಂಚೆ ಕಟ್ಟ ಬಿಚ್ಚಲೇಬೇಕು. ಮರೆತರೆ ಮೊದಲ ನೆರೆ ಕಟ್ಟವನ್ನು ಬಿಟ್ಟು ಪಕ್ಕದ ದಡವನ್ನೇ ಕೊರೆದುಕೊಂಡು ಹೋಗುತ್ತದೆ. ತೋಟದವರ ಜೊತೆ ಮಾತಾಗಿ ಒಂದು ಸರದಿಯೂ ಗೊತ್ತಾಯಿತು: ಕರೆಂಟು ಬಂದ ಮೊದಲ ಮೂರು ಗಂಟೆ ಪೇಟೆಯ ಟ್ಯಾಂಕಿಗೆ, ಆಮೇಲೆ ತೋಟಕ್ಕೆ, ಅದೂ ಒಂದು ದಿನಕ್ಕೆ ಒಂದೇ ಪಂಪು. ‘ಪಲ್ಪರ್ ನೀರು’ ಕಲಮಿಗೆ ಆ ದಿನ ಬರೆಯಲು ಹೆಚ್ಚೇನಿರಲಿಲ್ಲ, ಕೊಯ್ಲು ಮುಗಿದಿತ್ತು. ಕಲ್ಲುಗಳ ಮೇಲಿನ ಕಪ್ಪು ಲೋಳೆಯ ಫೋಟೋ ತೆಗೆದು, ಜನವರಿಯಲ್ಲಿ ಮತ್ತೆ ನೋಡಬೇಕೆಂದು ಗುರುತು ಹಾಕಿದ್ದಾಯಿತು.

ಮಧ್ಯಾಹ್ನದ ಮೇಲೆ ಬಯಲು ಜಾಗ. ಪಟ್ಟಣ ಯೋಜನೆಗೆ ಕೇಂದ್ರ ಸರ್ಕಾರ 2014ರಲ್ಲಿ ಕೊಟ್ಟ ಮಾರ್ಗಸೂಚಿ ತಲೆಗೆ 10ರಿಂದ 12 ಚದರ ಮೀಟರ್ ಬಯಲು ಹೇಳುತ್ತದೆ. 4,000 ಜನಕ್ಕೆ ಕಡಿಮೆಯೆಂದರೂ ಹತ್ತು ಎಕರೆ. ಕೇಳಿದವರು “ಕೊಡಗಲ್ಲಿ ಹಸಿರಿಗೆ ಬರವೇ?” ಅಂದರು. ಹಸಿರಿಗೆ ಬರವಿಲ್ಲ, ಎಲ್ಲಕ್ಕೂ ಬೇಲಿ ಇದೆ. ಮಗು ಚೆಂಡು ಒದೆಯಬಹುದಾದ, ಮುದುಕರು ಹೇಳದೆ ಕೇಳದೆ ಹೋಗಿ ಕೂರಬಹುದಾದ ಜಾಗ ಲೆಕ್ಕ ಹಾಕಿದರೆ ಮೈದಾನ, ಮಂದ್ (ಕೊಡವರು ಹಬ್ಬಕ್ಕೆ ಸೇರುವ ಊರ ಬಯಲು), ಕೆರೆ ದಂಡೆ ಸೇರಿ ಎರಡೂವರೆ ಎಕರೆ ದಾಟಲಿಲ್ಲ.

ಕೆರೆ ಕಾಗದದಲ್ಲಿ ಒಂದು ಎಕರೆ 32 ಸೆಂಟ್, ಟೇಪಿನಲ್ಲಿ ಒಂದು ಎಕರೆ ಐದು. ದಿಶಾಂಕ್ ಆ್ಯಪ್ ತೆರೆದರೆ ನಿಂತ ಜಾಗದ ಸರ್ವೆ ನಂಬರ್ ತೋರಿಸುತ್ತದೆ ನಿಜ, ಆದರೆ ಮರಗಳ ಕೆಳಗೆ ಮೊಬೈಲಿನ ಜಿಪಿಎಸ್ ಹತ್ತು ಮೀಟರ್ ಅತ್ತಿತ್ತ ಆಗುವುದು ಮಾಮೂಲಿ. ಅದನ್ನು ಹಿಡಿದು ನೆರೆಯವರ ಮೇಲೆ ಜಗಳಕ್ಕೆ ಹೋಗಬಾರದು. ಹದ್ದುಬಸ್ತಿಗೆ ಅರ್ಜಿ ಹಾಕಿ ಸರ್ವೆಯರ್ ಬಂದು ಕಲ್ಲು ನೆಟ್ಟ ಮೇಲಷ್ಟೇ ಮಾತು. ಹೂಳು ತೆಗೆಯುವಾಗಲೂ ಎಚ್ಚರ ಬೇಕು. ಬೂದು ಜೇಡಿ ಕಂಡೊಡನೆ ಜೆಸಿಬಿ ನಿಲ್ಲಿಸಬೇಕು. ಆ ಪದರ ಕೆರೆಯ ತಳಕ್ಕೆ ಹಾಕಿದ ಬಿರಡೆಯಿದ್ದಂತೆ. ಅದನ್ನು ಕೆರೆದರೆ ಆಳ ಹೆಚ್ಚುತ್ತದೆ, ನೀರು ನಿಲ್ಲುವುದಿಲ್ಲ. ತೆಗೆದ ಹೂಳನ್ನು ಏರಿಯ ಮೇಲೇ ಸುರಿದರೆ ಒಂದೇ ಮಳೆಗೆ ವಾಪಸ್.

ಮಂದ್ ವಿಷಯದಲ್ಲಿ ಹಿರಿಯರ ಷರತ್ತು ಒಂದೇ: ಇಂಟರ್‌ಲಾಕ್ ಬೇಡ, ಸಿಮೆಂಟ್ ಬೆಂಚು ಬೇಡ. ಸುಗ್ಗಿಯ ಹಬ್ಬ ಪುತ್ತರಿಯ ಕೋಲಾಟಕ್ಕೆ ಬರಿಗಾಲಿಗೆ ಮಣ್ಣೇ ಬೇಕು. ನಮೂನೆಯಲ್ಲಿ ‘ಅಭಿವೃದ್ಧಿ’ ಎಂಬ ಕಲಮಿನ ಎದುರು ‘ಹಾಗೇ ಬಿಡುವುದು’ ಎಂದು ಬರೆದೆವು. ದೇವರಕಾಡಿಗೂ ಅದೇ. ನಡಿಗೆ ದಾರಿ ಅದರ ಹೊರ ಅಂಚಿನಲ್ಲೇ ಸಾಗಿ ತೋಡು ಸೇರುತ್ತದೆ.

ಹೆಚ್ಚು ಮಾತು ನಡೆದದ್ದು ಮೈದಾನದ ಬಗ್ಗೆ. 80 ಮೀಟರ್ ಉದ್ದ, 50 ಅಗಲ. ಹಾಕಿಗೆ 91.4 × 55 ಬೇಕು. 1997ರಲ್ಲಿ ಕರಡದಲ್ಲಿ ಶುರುವಾದ ಕೊಡವ ಕುಟುಂಬಗಳ ಹಾಕಿ ಹಬ್ಬದ ನಾಡಿನಲ್ಲಿ ಇದೊಂದು ಸಂಕಟ. ಮಣ್ಣು ತುಂಬಿ ಒಂದೂವರೆ ಅಡಿ ಎತ್ತರಿಸಿ ಗ್ಯಾಲರಿ ಕಟ್ಟುವ ಪ್ರಸ್ತಾವ ಅದಾಗಲೇ ಇತ್ತು. ಆದರೆ ಮೈದಾನವೇ ಪೇಟೆಯ ತಗ್ಗು. 2019ರ ಆಗಸ್ಟಿನ ನೀರಿನ ಗೆರೆ ಪಕ್ಕದ ಗೋಡೆಯಲ್ಲಿ ಇನ್ನೂ ಇದೆ, ಟೇಪು ಹಿಡಿದರೆ ನೆಲದಿಂದ 70 ಸೆಂಟಿಮೀಟರ್. ಮೇಲಿನ ಹತ್ತು ಹೆಕ್ಟೇರಿನಲ್ಲಿ ಒಂದೇ ಸಮ 50 ಮಿಲಿಮೀಟರ್ ಮಳೆ ಸುರಿದು ಅರ್ಧ ಹರಿದು ಬಂದರೂ 25 ಲಕ್ಷ ಲೀಟರ್. ಮೈದಾನದಲ್ಲಿ ಒಂದು ಅಡಿ ನಿಂತರೆ ಅದರ ಹತ್ತಿರ ಹತ್ತಿರ ಅರ್ಧ, 12 ಲಕ್ಷ, ಅಲ್ಲೇ ತಡೆಯುತ್ತದೆ. ಎತ್ತರಿಸಿದರೆ ಆ ನೀರು ಬಸ್‌ಸ್ಟ್ಯಾಂಡಿನ ಹಿಂದಿನ ಮನೆಗಳಿಗೇ ನುಗ್ಗುವುದು.

ಹಾಗಾಗಿ ಬರೆದದ್ದು ಇದು: ಎತ್ತರಿಸುವುದಿಲ್ಲ. ನಡುವಿನಿಂದ ಬದಿಗೆ ನೂರಕ್ಕೆ ಒಂದರ ಇಳಿಜಾರು, ಅಂಚಿನಲ್ಲಿ ಎರಡು ಅಡಿ ಆಳ, ಒಂದು ಅಡಿ ಅಗಲದ ಚರಂಡಿಗೆ 40 ಎಂಎಂ ಜಲ್ಲಿ, ತೋಡಿನ ಕಡೆ ಹಲಗೆ ಬಾಗಿಲು. ಜೂನ್‌ನಿಂದ ಸೆಪ್ಟೆಂಬರ್ ಮೈದಾನ ನೀರಿಗೆ, ನವೆಂಬರ್‌ನಿಂದ ಮೇ ಆಟಕ್ಕೆ. “ನಡುವೆ ಕೆಸರುಗದ್ದೆ ಓಟ ಇಲ್ಲೇ ಇಟ್ಟರಾಯಿತು” ಎಂದ ಹುಡುಗನನ್ನು ಯಾರೂ ಬೈಯಲಿಲ್ಲ. ಹೆಂಗಸರು ಕೇಳಿದ್ದು ಬೇರೆ: ಶೌಚಾಲಯ, ಸಂಜೆಗೆ ಎರಡು ದೀಪ. ಅವಿಲ್ಲದೆ ನಾಲ್ಕು ಗಂಟೆಯ ಮೇಲೆ ಅಲ್ಲಿಗೆ ಅವರು ಹೋಗುವುದಿಲ್ಲ. ಶೌಚಾಲಯದ ಗುಂಡಿಗೆ ಮೊದಲು ತೋರಿಸಿದ ಜಾಗ ಒಂದು ಮನೆಯ ಬಾವಿಗೆ 8 ಮೀಟರ್ ಹತ್ತಿರ ಇತ್ತು. ಇನ್ನೊಂದು ಮೂಲೆಗೆ, 25 ಮೀಟರ್ ದೂರಕ್ಕೆ ಸರಿಸಿದ್ದಾಯಿತು.

ವಾರ್ಡ್ ಸಭೆಗೆ ಇನ್ನೂ ಮೂರು ವಾರವಿತ್ತು. ಕಟ್ಟಕ್ಕೆ ಸಭೆ ಬೇಕಿರಲಿಲ್ಲ. ಸೋಮವಾರ ಸಂಜೆಗೆ 55 ಚೀಲ ಒಟ್ಟಾದವು, ಉಳಿದ 25ನ್ನು ಮೇಲಿನ ತೋಟದವರೇ ಜೀಪಿನಲ್ಲಿ ಕಳಿಸಿದರು.