ಹುಣಸೆಯ ಹರಾಜು

“ಮರ ನಮ್ದಾದ್ರೆ ಹಣ್ಣು ಅವ್ನದು ಹೆಂಗಾಯ್ತು ಮೇಷ್ಟ್ರೇ?”

ಮಧುಗಿರಿ ಕಡೆಯ ನಮ್ಮೂರಿನ ಗ್ರಾಮ ಅರಣ್ಯ ಸಮಿತಿಯು ಹುಣಸೆ ಫಸಲನ್ನು ಹರಾಜು ಹಾಕಿ ಇನ್ನೂ ವಾರ ಕಳೆದಿಲ್ಲ. ಹರಾಜು ಹಿಡಿದವನ ಕಣದಲ್ಲಿ ಹಣ್ಣು ಕುಟ್ಟುತ್ತಿದ್ದ ಅಜ್ಜಿಯೊಬ್ಬರು ತಲೆಯನ್ನೂ ಎತ್ತದೆ ಕೇಳಿದ ಪ್ರಶ್ನೆ ಇದು. ಅವರು ಒಂದೊಂದೇ ಹಣ್ಣನ್ನು ಕಲ್ಲಿನ ಮೇಲಿಟ್ಟು ಕುಟ್ಟಿ, ಸಿಪ್ಪೆ ಕೊಡವಿ, ನಾರೆಳೆದು, ಬೀಜವನ್ನು ಪಕ್ಕದ ಮಂಕರಿಗೆ ಎಸೆಯುತ್ತಿದ್ದರು. ಉಗುರಿನ ಸಂದಿಯೆಲ್ಲ ಕಪ್ಪಾಗಿ, ಬೆರಳ ತುದಿಯ ಚರ್ಮ ಹುಳಿಗೆ ಸುಲಿದಿತ್ತು. ಬೀಜ ತೆಗೆದ ಹಣ್ಣಿಗೆ ಮಂಡಿಯಲ್ಲಿ ಬೇರೆಯೇ ದರವಿದೆ. ಬೀಜವೂ ದಂಡವಲ್ಲ, ಅದರ ಹಿಟ್ಟು ನೂಲಿಗೆ ಗಂಜಿ ಹಾಕಲು ಗಿರಣಿಗಳಿಗೆ ಹೋಗುತ್ತದೆ. ಅಜ್ಜಿಗೆ ಸಿಗುವುದು ದಿನದ ಕೂಲಿ ಮಾತ್ರ.

ನಮ್ಮದೇನೂ ಕೆಟ್ಟ ಸಮಿತಿಯಲ್ಲ. ಊರಿನವರೂ ಇಲಾಖೆಯೂ ಕೂಡಿ ಕಾಡು ನೋಡಿಕೊಳ್ಳಬೇಕೆಂದು 1993ರಲ್ಲಿ ರಾಜ್ಯ ಸರ್ಕಾರ ಹೊರಡಿಸಿದ ಆದೇಶದಿಂದಾಗಿ ಹುಟ್ಟಿದ ಸಮಿತಿಗಳ ಸಾಲಿಗೆ ಸೇರಿದ್ದು ಇದು. ಗುಡ್ಡಕ್ಕೆ ಬೆಂಕಿ ಬಿದ್ದಾಗ ಹಸಿ ಸೊಪ್ಪು ಹಿಡಿದು ಓಡಿದವರು, ಸಸಿಗಳು ಆಳೆತ್ತರ ಬೆಳೆಯುವವರೆಗೆ ಮೇಕೆಗಳನ್ನು ಅತ್ತ ಬಿಡದೆ ಕಾದವರು ಊರಿನವರೇ, ಅದರಲ್ಲಿಯೂ ಹೆಂಗಸರೇ ಹೆಚ್ಚು. ಅಧ್ಯಕ್ಷರು ಸಜ್ಜನರು; ಆದರೆ ಇಡಿಗಂಟು ಮೊದಲೇ ಕೈಸೇರಿದರೆ ತಲೆನೋವಿಲ್ಲ ಎಂದು ನಂಬಿದವರು.

ಮಹಾರಾಷ್ಟ್ರದ ಗಡಚಿರೋಲಿ ಜಿಲ್ಲೆಯ ಮೇಂಢಾ ಲೇಖಾ ಎಂಬ ಹಳ್ಳಿಯವರು 2006ರ ಅರಣ್ಯ ಹಕ್ಕು ಕಾಯ್ದೆಯಡಿ 2009ರಲ್ಲಿಯೇ ತಮ್ಮ ಕಾಡಿನ ಮೇಲೆ ಸಾಮುದಾಯಿಕ ಹಕ್ಕು ಪಡೆದಿದ್ದರೂ, ಬಿದಿರು ಸಾಗಿಸುವ ಪರವಾನಗಿ ಪುಸ್ತಕ ಗ್ರಾಮಸಭೆಯ ಕೈಗೆ ಬಂದದ್ದು 2011ರಲ್ಲಿ. ಅಲ್ಲಿಯವರೆಗೆ ಕಾಡು ಅವರದಾಗಿತ್ತು, ವ್ಯಾಪಾರ ಅವರದಾಗಿರಲಿಲ್ಲ. ನಮ್ಮಂತಹ ಬಯಲುಸೀಮೆಯವರಿಗೆ ಆ ಕಾಯ್ದೆಯ ದಾರಿ ದುರ್ಗಮವೇ ಸರಿ. ಬುಡಕಟ್ಟಿನವರಲ್ಲದವರು ಮೂರು ತಲೆಮಾರು, ಎಂದರೆ 75 ವರ್ಷ, ಕಾಡನ್ನು ನಂಬಿ ಬದುಕಿದ್ದಕ್ಕೆ ಪುರಾವೆ ಒದಗಿಸಬೇಕು. ಆದರೆ ಈ ಸಲ ಹರಾಜನ್ನೇ ಕೂಗಬೇಕೆಂದು ನಮ್ಮನ್ನು ಯಾರೂ ಬಲವಂತ ಮಾಡಿರಲಿಲ್ಲ. ಹಣ್ಣನ್ನು ನಾವೇ ಉದುರಿಸಿ, ಕುಟ್ಟಿ, ತುಮಕೂರಿನ ಮಂಡಿಗೆ ಒಯ್ಯಬಹುದೇ, ಮಾರುವವರೆಗಿನ ಖರ್ಚಿಗೆ ಸಮಿತಿಯ ಖಾತೆಯಿಂದ ಹಣ ತೆಗೆಯಬಹುದೇ, ಬಣ್ಣ ಕಪ್ಪಾಗದಂತೆ ಶೀತಲಗೃಹದಲ್ಲಿ ಇರಿಸಿ ದರ ಏರುವವರೆಗೆ ಕಾಯಬಹುದೇ ಎಂಬ ಮಾತನ್ನು ಸಭೆಯಲ್ಲಿ ಯಾರೂ ಎತ್ತಲಿಲ್ಲ. ಎತ್ತಬಹುದಾಗಿದ್ದವರಲ್ಲಿ ನಾನೂ ಒಬ್ಬ.

ಮರ ನಮ್ದಾದ್ರೆ ಹಣ್ಣು ಅವ್ನದು ಹೆಂಗಾಯ್ತು?

ಫಾರೆಸ್ಟರ್ ಸಾಹೇಬರು ಸದಸ್ಯ ಕಾರ್ಯದರ್ಶಿಗಳಾದರೂ, ಅಕ್ಷರ ದುಂಡಗಿದೆಯೆಂದು ನಡಾವಳಿ ಬರೆಯುವ ಕೆಲಸ ನನ್ನ ಪಾಲಿಗೆ ಬಂದಿದೆ. ನಿನ್ನೆ ರಾತ್ರಿ ಪುಸ್ತಕ ತೆರೆದು ನೋಡಿದೆ. “ಸರ್ವ ಸದಸ್ಯರ ಒಪ್ಪಿಗೆಯ ಮೇರೆಗೆ ಹರಾಜು ನಡೆಸಲು ತೀರ್ಮಾನಿಸಲಾಯಿತು” ಎಂಬ ನನ್ನ ದುಂಡಕ್ಷರದ ಕೆಳಗೆ ಮೂರನೆಯ ಸಾಲಿನಲ್ಲಿ ಆ ಅಜ್ಜಿಯ ಹೆಬ್ಬೆಟ್ಟು ಬಿದ್ದಿದೆ. ಸಭೆಗೆ ಹಿಂದಿನ ದಿನವೇ, ಅವರು ಸೌದೆ ಹೊರೆ ಇಳಿಸುತ್ತಿದ್ದ ಹೊತ್ತಿನಲ್ಲಿ, ಇಂಕ್ ಪ್ಯಾಡು ಹಿಡಿದು ಅವರ ಜಗಲಿಗೆ ಹೋಗಿದ್ದವನು ನಾನೇ.